ಭ್ರಮರಿಯ ಬರಿ ಸ್ಲೇಟು

ಹಿಂದೂಪುರ
9 ಜನವರಿ 1951

ಕಲ್ಯಾಣದುರ್ಗದ ತವರುಮನೆಯಲ್ಲಿರುವ ಸುವರ್ಣಮ್ಮನವರಿಗೆ,

ಮೊದಲಿನ ಹಾಗೆ ಅತ್ತಿಗೆ ಎಂದು ಬರೆಯಬೇಕೋ, ಬರೀ ಹೆಸರು ಬರೆಯಬೇಕೋ ಎಂದು ಬಹಳ ಹೊತ್ತು ಯೋಚಿಸಿದೆ. ಕುಲದ ಹಿರಿಯರು ವೀಳ್ಯದೆಲೆ ಹರಿದು ನಿಮ್ಮನ್ನೂ ನಮ್ಮಣ್ಣ ರೇವಣಪ್ಪನನ್ನೂ ಬೇರೆ ಮಾಡಿದರು, ಸರಿ. ಆದರೆ ಮೈದುನನಿಗೆ ಅಂತ ಬೇರೆ ಎಲೆ ಹರಿದದ್ದನ್ನು ನಾನಂತೂ ಕಾಣಲಿಲ್ಲ. ಆದ್ದರಿಂದ ಅತ್ತಿಗೆ ಎಂದೇ ಬರೆಯುತ್ತೇನೆ. ಬೇಡವಾದರೆ ಹೊಡೆದುಹಾಕಿಕೊಂಡು ಓದಿ.

ನಾವೆಲ್ಲ ನೆಟ್ಟಗಿದ್ದೇವೆ. ಬೆಲ್ಲದ ಮಂಡಿ ನಾನಿರುವುದರಿಂದ ನಡೆಯುತ್ತಿದೆ. ಅಣ್ಣ ಗಾದಿಯ ಮೇಲೆ ಕೂತಿರುತ್ತಾನೆ, ಅಷ್ಟೆ. ಬೆಲ್ಲದ ಅಚ್ಚನ್ನು ಮೂಸಿ, ಇದು ಗೋರಂಟ್ಲದ್ದೋ ಪರಿಗಿಯದ್ದೋ ಎಂದು ಹೇಳುವವನು ಈ ಪೇಟೆಯಲ್ಲಿ ನಾನೊಬ್ಬನೇ. ಪರಿಗಿಯ ಐಗಳ ಮಠದಲ್ಲಿ ನಾಲ್ಕನೆಯ ಕ್ಲಾಸಿಗೇ ಓದು ಮುಗಿಸಿದವನಾದರೂ, ಮೋಸ ಎಲ್ಲಿದ್ದರೂ ನನ್ನ ಮೂಗಿಗೆ ಬಡಿಯುತ್ತದೆ. ಈಗ ಬಡಿದಿದೆ. ಅದಕ್ಕೇ ಈ ಕಾಗದ.

ದಸರಾ ರಜದಲ್ಲಿ ಎಲೆ ಹರಿದ ದಿನ ಹಿರಿಯರು ಏನು ತೀರ್ಮಾನ ಕೊಟ್ಟರು? “ಹುಡುಗಿ ಓದಿನಲ್ಲಿ ಚುರುಕು. ಹಿಂದೂಪುರದ ಸ್ಕೂಲು ಬಿಡಿಸಬೇಡಿ. ತಂದೆಯ ಮನೆಯಲ್ಲೇ ಇದ್ದು ಓದಲಿ. ಏಪ್ರಿಲ್ ಪರೀಕ್ಷೆಯಲ್ಲಿ ಫೇಲಾದರೆ ಆಗ ತಾಯಿ ಕರೆದುಕೊಂಡು ಹೋಗಲಿ.” ನೀವೂ ತಲೆ ಆಡಿಸಿದಿರಿ. ನಿಮ್ಮ ಮಗಳು ಭ್ರಮರಿ ಮೂರನೆಯ ಕ್ಲಾಸಿಗೇ ಮೊದಲಿಗಳಾಗಿದ್ದವಳು, ಫೇಲಾಗುವ ಮಾತೇ ಇರಲಿಲ್ಲ.

ಮೊನ್ನೆ ಅವಳ ಮೇಷ್ಟ್ರು ಚೆನ್ನಕೇಶವಯ್ಯನವರು ಮಂಡಿಯ ಮುಂದೆ ನನ್ನನ್ನು ತಡೆದು ನಿಲ್ಲಿಸಿದರು.

“ಏನಯ್ಯಾ ಕೊಟ್ಟೂರಪ್ಪ, ದಸರಾ ರಜ ಮುಗಿಸ್ಕಂಡು ಬಂದಾಗ್ಲಿಂದ ನಿಮ್ಮುಡುಗಿ ಸ್ಲೇಟಿನ ಮ್ಯಾಲೆ ಒಂದು ಗೀಟೂ ಎಳ್ದಿಲ್ಲ.”

“ಗದರಿಸಿದ್ರಾ ಮೇಷ್ಟ್ರೇ?”

“ಗದರಿಸ್ದೆ.”

“ಬಾರಿಸಿದ್ರಾ?”

“ಒಂದೇಟು ಹಾಕ್ದೆ ಕಣಯ್ಯ, ಮನಸ್ಸು ತಡೀದೆ ಬೆತ್ತ ಕೆಳಗಿಟ್ಟೆ. ಏಟಿಗೆ ಕೈ ಕೇಳಿದ ತಕ್ಷಣ ಚಾಚ್ತಾಳೆ. ಬಳಪ ಮಾತ್ರ ಮುಟ್ಟಲ್ಲ.”

ಈಗ ನೀವೇ ಹೇಳಿ. ಈ ಮಗು ಫೇಲಾದರೆ ಲಾಭ ಯಾರಿಗೆ? ಬಳೆ ಮಾರುವ ಓಬಕ್ಕ ನಿಮ್ಮೂರಿನ ಕಡೆಯಿಂದ ಬಂದಾಗಲೆಲ್ಲ ನಮ್ಮ ಬಾಗಿಲಲ್ಲೇ ಯಾಕೆ ಬುಟ್ಟಿ ಇಳಿಸುತ್ತಾಳೆ? ಹೋದ ವಾರ ಭ್ರಮರಿಗೆಂದು ನೀವು ಅವಳ ಕೈಲಿ ಕಳಿಸಿದ ಹುಣಸೆ ಚಿಗಳಿಯನ್ನು ನಾನೇ ಹಿಡಿದೆ. ಒಳಗೆ ಚೀಟಿಯೇನಾದರೂ ಇರಬಹುದೆಂದು ಒಂದೊಂದು ಉಂಡೆಯನ್ನೂ ಬಿಡಿಸಿ ನೋಡಿದೆ. ಚೀಟಿ ಇರಲಿಲ್ಲ. ಬಿಡಿಸಿದ ಮೇಲೆ ಇಡುವಂತಿರಲಿಲ್ಲ, ತಿಂದೆ. ರುಚಿಯಾಗಿತ್ತು. ಅಂದಮಾತ್ರಕ್ಕೆ ಅನುಮಾನ ಹೋಯಿತೆಂದು ತಿಳಿಯಬೇಡಿ.

ಬರೆಯಬೇಡ ಅಂತ ಮಗುವಿಗೆ ನೀವು ಹೇಳಿಕೊಟ್ಟಿದ್ದೀರಾ? ಹೌದೋ ಅಲ್ಲವೋ, ಒಂದು ಮಾತು ಬರೆಯಿರಿ.

ಎಲೆ ಹರಿದರೂ ಹರಿಯದ ಮೈದುನ,
ಕೊಟ್ಟೂರಪ್ಪ


ಕಲ್ಯಾಣದುರ್ಗ
18 ಜನವರಿ 1951

ಕೊಟ್ಟೂರಪ್ಪನಿಗೆ,

ಅಲ್ಲ.

ನೀನು ಒಂದು ಮಾತು ಕೇಳಿದ್ದೆ, ಬರೆದಿದ್ದೇನೆ. ಇನ್ನು ನನ್ನ ಮಾತು ಕೇಳು. ಚಿಗಳಿ ಕಟ್ಟಿದ್ದು ಮಗುವಿಗೆ, ನಿನಗಲ್ಲ.

ನೀನೊಬ್ಬನೇ ಮೂಗು ಇಟ್ಟುಕೊಂಡು ಹುಟ್ಟಿದವನಲ್ಲ. ನನಗೂ ಅನುಮಾನಗಳಿವೆ. ಬೆಳಿಗ್ಗೆ ಅವಳಿಗೆ ಜಡೆ ಹೆಣೆಯುವವರು ಯಾರು? ಮಲಗುವುದು ಯಾರ ಮಗ್ಗುಲಲ್ಲಿ? ಸ್ಕೂಲಿಗೆ ಹೋಗುತ್ತಾಳೋ, ಅಥವಾ ಮಂಡಿಯಲ್ಲಿ ಅಚ್ಚು ಎಣಿಸಲು ಕೂರಿಸಿಕೊಂಡಿದ್ದೀರೋ? ನಿಮ್ಮಣ್ಣನವರಿಗೆ ಲೇಪಾಕ್ಷಿ ಕಡೆಯಿಂದ ಹೆಣ್ಣು ನೋಡಿದ್ದಾರೆಂದು ಓಬಕ್ಕ ಹೇಳಿದಳು. ಬರುವವಳಿಗೆ ನನ್ನ ಮಗಳು ಕಣ್ಣಿಗೆ ಚುಚ್ಚುತ್ತಾಳೆಂದು ನೀವೇ ಅವಳನ್ನು ದಡ್ಡಿ ಮಾಡಿ ಈ ಕಡೆ ದಬ್ಬುವ ಯೋಚನೆಯೋ?

ಹಾಗಿದ್ದರೆ ಅಷ್ಟು ದೂರದ ದಾರಿ ಯಾಕೆ? ಸುಮ್ಮನೆ ಬಸ್ಸಿಗೆ ಹತ್ತಿಸಿ. ಇಲ್ಲಿ ನಾನು ನಿಂತಿರುತ್ತೇನೆ.

ಸುವರ್ಣಮ್ಮ


ಹಿಂದೂಪುರ
2 ಫೆಬ್ರವರಿ 1951

ಅತ್ತಿಗೆಯವರಿಗೆ,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿಯಿತು. ಜಡೆ ಹೆಣೆಯುವುದು ನಮ್ಮವ್ವ. ಮಲಗುವುದು ನಮ್ಮವ್ವನ ಸೆರಗಿನಲ್ಲಿ. ಮಂಡಿಗೆ ಅವಳು ಬಂದರೂ ಅಚ್ಚು ಮುಟ್ಟುವುದಿಲ್ಲ, ಮೂಲೆಯಲ್ಲಿ ಕೂತು ಹೋಗುತ್ತಾಳೆ. ಲೇಪಾಕ್ಷಿಯ ಹೆಣ್ಣಿನ ಮಾತು ಬಂದದ್ದು ನಿಜ. ಅಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಎಲೆ ಮೇಲೆ ಕೈ ತೊಳೆದು ಎದ್ದುಹೋದ. ಓಬಕ್ಕನಿಗೆ ಇಷ್ಟನ್ನೂ ಸೇರಿಸಿ ಹೇಳಲು ಏನಾಗಿತ್ತು?

ನಾನು ಕೈಕಟ್ಟಿ ಕೂರುವವನಲ್ಲ. ಪತ್ತೆಗೆ ಇಳಿದೆ. ಮೊದಲು ಅನುಮಾನ ಬಂದದ್ದು ಮೇಷ್ಟ್ರ ಮೇಲೆ. ವಿಚಾರಿಸಿದರೆ ಅವರ ನಾದಿನಿಯನ್ನು ಕೊಟ್ಟಿರುವುದು ಎಲ್ಲಿಗೆ? ಕಲ್ಯಾಣದುರ್ಗಕ್ಕೆ! ನನ್ನ ಕಿವಿ ನೆಟ್ಟಗಾಯಿತು. ಮಾರನೆಯ ದಿನ ಸ್ಕೂಲಿನ ಕಿಟಕಿಯ ಕೆಳಗೆ ಹೊಂಗೆಯ ನೆರಳಿನಲ್ಲಿ ಕೂತು ಕೇಳಿಸಿಕೊಂಡೆ. ದಾರಿಯಲ್ಲಿ ಹೋಗುವವರು ಏನಪ್ಪಾ ಇಲ್ಲಿ ಎಂದರೆ, ಹೊಂಗೆ ಬೀಜದ ವ್ಯಾಪಾರ ಎಂದೆ. ಪೊಲೀಸಿನವರಿಗೂ ಹೊಳೆಯದ ಉಪಾಯ.

ಮೇಷ್ಟ್ರು ಏಳೆಂಟ್ಲು ಎಷ್ಟು, ಬರೀರಿ ಎಂದರು. ಭ್ರಮರಿ ಬರೆಯಲಿಲ್ಲ. ಆದರೆ ಪಕ್ಕದ ಪೋಲಮ್ಮ ಎಂಬ ಹುಡುಗಿಯ ಕಿವಿಯಲ್ಲಿ “ಐವತ್ತಾರು” ಎಂದಳು. ಅದು ಬರೆಯಿತು, ಸರಿ ಹಾಕಿಸಿಕೊಂಡಿತು. ಇದು ಒಂದು ಸಲವಲ್ಲ, ಬೆಲ್ಲು ಹೊಡೆಯುವವರೆಗೂ ಹೀಗೇ. ನಿಮ್ಮ ಮಗಳು ಹೇಳುತ್ತಾಳೆ, ಪೋಲಮ್ಮ ಬರೆಯುತ್ತಾಳೆ. ಅಂದರೆ ಬುದ್ಧಿ ಎಲ್ಲೂ ಹೋಗಿಲ್ಲ. ಬೇಕಂತಲೇ ಬರೆಯುತ್ತಿಲ್ಲ!

ಮೇಷ್ಟ್ರ ಮೇಲಿನ ಅನುಮಾನ ಅಲ್ಲಿಗೆ ಬಿಟ್ಟೆ. ಸಂಜೆ ಮಂಡಿಯಲ್ಲಿ ಅವಳನ್ನು ಹಿಡಿದು ಕೂರಿಸಿದೆ.

“ಭ್ರಮರಿ, ಏಳೆಂಟ್ಲು?”

“ಐವತ್ತಾರು.”

“ಶಭಾಷ್. ತಗಾ ಬಳಪ, ಬರಿ.”

ಎರಡು ಕೈಯನ್ನೂ ಲಂಗದೊಳಗೆ ಮುಚ್ಚಿಟ್ಟುಕೊಂಡಳು.

“ಯಾಕಮ್ಮಾ?”

“ಬರುದ್ರೆ ತಪ್ಪಾಯ್ತದೆ ಚಿಕ್ಕಪ್ಪ.”

“ಬಾಯಲ್ಲಿ ಸರಿ ಇರೋದು ಬರುದ್ರೆ ತಪ್ಪು ಹೆಂಗಾಯ್ತದೆ?”

“ಬಾಯಲ್ಲಿ ಹೇಳಿದ್ದು ಯಾರಿಗೂ ಕಾಣಕ್ಕಿಲ್ಲ. ಬರ್ದಿದ್ದು ಕಾಣ್ತದೆ.”

ಅತ್ತಿಗೆ, ನಾನು ಅನಂತಪುರದ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿ ಬಂದವನು. ಅಲ್ಲಿಯ ವಕೀಲನೂ ಹೀಗೆ ಮಾತಾಡಲಾರ. ಎಂಟು ವರ್ಷದ ಮಗುವಿಗೆ ಈ ಮಾತು ಎಲ್ಲಿಂದ ಬಂತು?

ಇನ್ನೂ ಇದೆ. ಮನೆಯಲ್ಲಿ ಅವಳ ನಡತೆ ನೋಡಿದರೆ ಭಯವಾಗುತ್ತದೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ನಡೆಯುತ್ತಾಳೆ, ಒಂದು ತೊಟ್ಟು ಚೆಲ್ಲುವುದಿಲ್ಲ. ಎಲೆಯ ಸುತ್ತ ಒಂದು ಅಗುಳು ಬೀಳುವುದಿಲ್ಲ. ನಮ್ಮವ್ವ “ಚಿನ್ನದಂಥ ಕೂಸು” ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಮನೆಯಲ್ಲಿ ಚಿನ್ನ, ಸ್ಕೂಲಿನಲ್ಲಿ ಕಲ್ಲು! ಹೀಗೆ ಎರಡು ವೇಷ ಹಾಕಲು ಯಾರೋ ತಾಲೀಮು ಕೊಟ್ಟಿದ್ದಾರೆ.

ಯಾರೆಂದು ನಾನು ಬರೆಯುವುದಿಲ್ಲ. ಓದುತ್ತಿರುವವರಿಗೇ ಗೊತ್ತು.

ಕಣ್ಣು ಮುಚ್ಚದೆ ಕಾಯುತ್ತಿರುವ,
ಕೊಟ್ಟೂರಪ್ಪ


ಕಲ್ಯಾಣದುರ್ಗ
4 ಮಾರ್ಚ್ 1951

ಕೊಟ್ಟೂರಪ್ಪನಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆದು ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಯಾಕೆ ತಡವಾಯಿತೆಂದು ಕೇಳಬೇಡ.

ಮಗು ಹೇಳಿದ ಮಾತನ್ನು ನೀನು ಇದ್ದ ಹಾಗೇ ಬರೆದದ್ದು ಒಳ್ಳೆಯದಾಯಿತು. ಓದಿದ ಕೂಡಲೇ ನನಗೆ ಗೊತ್ತಾಯಿತು.

ಆ ದಿನ ಮಠದ ಅಂಗಳದಲ್ಲಿ ನೀನೂ ಇದ್ದೆ. ಹಿರಿಯರಾದ ಸೋಮಶೇಖರಪ್ಪನವರು ಎಲ್ಲರ ಮಾತನ್ನೂ ಕೇಳಿ ಕೊನೆಗೆ ಏನೆಂದರು? “ಗಂಡನಿಗೆ ಒಂದು ಮಾತು ಹೇಳ್ದೆ ತವರಿಗೆ ಹೋಗಿ ಕುಂತಿದ್ದು ತಪ್ಪು. ತಪ್ಪು ಮಾಡಿದೋರು ಮನೆ ಬುಡಬೇಕು.” ಆಮೇಲೆ ಎಲೆ ಹರಿದರು. ಭ್ರಮರಿ ಆಗ ಅತ್ತೆಯವರ ತೊಡೆಯ ಮೇಲೆ ಕೂತಿದ್ದಳು. ನಾವೆಲ್ಲ ಅವಳು ಕಡಲೆ ತಿನ್ನುತ್ತಿದ್ದಾಳೆ ಎಂದುಕೊಂಡೆವು.

ಸಂಜೆ ನಾನು ಟ್ರಂಕು ತೆಗೆದುಕೊಂಡು ಬಸ್ಸಿಗೆ ನಿಂತಾಗ ಅವಳು ಅಳಲಿಲ್ಲ. “ಅವ್ವಾ, ನಿಂದು ಎಷ್ಟು ತಪ್ಪಾಯ್ತು?” ಎಂದು ಕೇಳಿದಳು. ಏನು ಕೇಳುತ್ತಿದ್ದಾಳೆಂದು ನನಗೆ ಆ ಹೊತ್ತಿನಲ್ಲಿ ತಲೆಗೆ ಹೋಗಲಿಲ್ಲ. “ಒಂದೇ ಕಣಮ್ಮ” ಎಂದುಬಿಟ್ಟೆ.

ಸ್ಕೂಲಿನಲ್ಲಿ ಮೇಷ್ಟ್ರು ತೆಲುಗಿನಲ್ಲಿ ಪಾಠ ಹೇಳುತ್ತಾರೆ, ಮನೆಯಲ್ಲಿ ನಾವು ಕನ್ನಡ ಆಡುತ್ತೇವೆ. ಎಷ್ಟೋ ಮಾತು ಅಲ್ಲಿ ಬೇರೆ, ಇಲ್ಲಿ ಬೇರೆ. ಈ ಒಂದು ಮಾತು ಮಾತ್ರ ಎರಡು ಕಡೆಯೂ ಒಂದೇ. ಅಲ್ಲೂ ತಪ್ಪು, ಇಲ್ಲೂ ತಪ್ಪು. ಒಂದು ತಪ್ಪಿಗೆ ತಾಯಿಯನ್ನು ಬಸ್ಸು ಹತ್ತಿಸಿದರು. ಇನ್ನು ಆ ಮಗು ಬಳಪ ಹೇಗೆ ಮುಟ್ಟೀತು? ನೀರು ಹೇಗೆ ಚೆಲ್ಲೀತು?

ಯಾರೂ ಅವಳಿಗೆ ತಾಲೀಮು ಕೊಟ್ಟಿಲ್ಲ ಕೊಟ್ಟೂರಪ್ಪ. ನಾವೆಲ್ಲರೂ ಸೇರಿ ಕೊಟ್ಟಿದ್ದೇವೆ.

ತಪ್ಪಾದರೆ ಕಳಿಸುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಅವಳು ನಂಬುವುದಿಲ್ಲ. ನನ್ನ ಮಗಳು ನನಗೆ ಗೊತ್ತು, ಕಣ್ಣಾರೆ ಕಂಡದ್ದನ್ನಷ್ಟೇ ನಂಬುತ್ತಾಳೆ. ನೀನು ಭಾರೀ ಜಾಣನೆಂದು ಹೇಳಿಕೊಳ್ಳುತ್ತೀಯಲ್ಲ, ಏನಾದರೂ ಮಾಡು. ಪರೀಕ್ಷೆಗೆ ಇನ್ನು ಹೆಚ್ಚು ದಿನ ಇಲ್ಲ.

ಸುವರ್ಣಮ್ಮ


ಹಿಂದೂಪುರ
15 ಮಾರ್ಚ್ 1951

ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಮೊದಲು ನಾನು ನಂಬಲಿಲ್ಲ. ಮಂಡಿಯಲ್ಲಿ ಒಬ್ಬ ತಾನಾಗಿ ಬಂದು ತನ್ನ ಬೆಲ್ಲದಲ್ಲಿ ಮರಳು ಇದೆ ಎಂದರೆ ನಾವು ಅವನನ್ನು ನಂಬುವುದಿಲ್ಲ, ಕೆಳಗಿನ ಚೀಲದಲ್ಲಿ ಇನ್ನೇನಿದೆಯೋ ಎಂದು ನೋಡುತ್ತೇವೆ. ನೀವು ಬಾಯಿ ಮುಚ್ಚಿಕೊಂಡಿದ್ದರೆ ಮಗು ಫೇಲಾಗುತ್ತಿತ್ತು, ಹಿರಿಯರ ಮಾತಿನಂತೆ ನಿಮ್ಮ ಮಡಿಲಿಗೆ ಬರುತ್ತಿತ್ತು. ಮತ್ತೆ ಹೇಳಿದ್ದು ಯಾಕೆ? ಇದರಲ್ಲಿ ನಿಮಗೇನು ಲಾಭ? ತಿರುಗಿಸಿ ಮುರುಗಿಸಿ ನೋಡಿದೆ, ಸಿಗಲಿಲ್ಲ. ಲಾಭ ಕಾಣದ ವ್ಯಾಪಾರ ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಸರಿ, ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡೆ. ಮೇಷ್ಟ್ರಿಗೆ ಗುಟ್ಟು ಹೇಳಿ, ನಿನ್ನೆ ಬೆಳಿಗ್ಗೆ ಸ್ಕೂಲಿಗೆ ಹೋಗಿ ಮೂರನೆಯ ಕ್ಲಾಸಿನ ಮಣೆಯ ಮೇಲೆ ಭ್ರಮರಿಯ ಪಕ್ಕ ಕೂತೆ. ಮೊಣಕಾಲು ಕಿವಿಗೆ ಬಂತು. ಮಕ್ಕಳೆಲ್ಲ ಓದುವುದು ಬಿಟ್ಟು ನನ್ನ ಮೀಸೆ ನೋಡುತ್ತಿದ್ದವು.

ಮೇಷ್ಟ್ರು ಏಳೆಂಟ್ಲು ಕೇಳಿದರು. ನಾನು ಐವತ್ನಾಲ್ಕು ಎಂದು ದೊಡ್ಡದಾಗಿ ಬರೆದು ಎತ್ತಿ ತೋರಿಸಿದೆ. ಮೇಷ್ಟ್ರು ಸ್ಲೇಟಿನ ಮೇಲೆ ಇಂಟು ಎಳೆದು, “ತಪ್ಪು, ಕೊಟ್ಟೂರಪ್ಪಾ!” ಎಂದರು. ಕ್ಲಾಸೆಲ್ಲ ಹೋ ಎಂದಿತು. ಭ್ರಮರಿ ನಗಲಿಲ್ಲ. ನನ್ನ ತೋಳು ಹಿಡಿದುಕೊಂಡಳು.

ಅಲ್ಲಿಗೆ ಎದ್ದು ಬರಬೇಕಾಗಿತ್ತು. ಆದರೆ ಮೇಷ್ಟ್ರಿಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಮೂರು ಮಣ ಹನ್ನೆರಡು ಸೇರು ಬೆಲ್ಲದಲ್ಲಿ ಹದಿನಾರು ಸೇರು ಮಾರಿದರೆ ಉಳಿದದ್ದೆಷ್ಟು ಎಂದರು. ಬೆಲ್ಲದ ಲೆಕ್ಕ, ಅದೂ ನನಗೆ! ಒಂದು ಸರಿ ಮಾಡಿ ಮಾನ ಉಳಿಸಿಕೊಳ್ಳೋಣ ಎಂದು ಮೂರು ಮಣ ನಾಲ್ಕು ಸೇರು ಎಂದು ಬರೆದೆ. ಅದಕ್ಕೂ ಇಂಟು ಹಾಕಿದರು. ಹನ್ನೆರಡರಲ್ಲಿ ಹದಿನಾರು ಹೋಗುವುದಿಲ್ಲ, ಒಂದು ಮಣ ಒಡೆದು ಸೇರು ಮಾಡಬೇಕು ಎಂದು ಪೋಲಮ್ಮ ನನಗೆ ಬುದ್ಧಿ ಹೇಳಿತು. ಅತ್ತಿಗೆ, ಬೇಕಂತ ಮಾಡಿದ ತಪ್ಪು ಮೊದಲನೆಯದು ಮಾತ್ರ. ಎರಡನೆಯದರ ವಿಷಯದಲ್ಲಿ ಆ ಮೇಷ್ಟ್ರ ಮೇಲೆ ನನಗೆ ಇನ್ನೂ ಅನುಮಾನವಿದೆ.

ಬೆಲ್ಲು ಹೊಡೆಯಿತು. ಮನೆಯ ಕಡೆ ಹೊರಟೆ. ಭ್ರಮರಿ ನನ್ನ ಪಂಚೆಯ ತುದಿ ಹಿಡಿದು ಹಿಂದೆ ಬರುತ್ತಿದ್ದಳು. ಅಗಸೇ ಬಾಗಿಲ ಹತ್ತಿರ ಜಗ್ಗಿ ನಿಲ್ಲಿಸಿದಳು.

“ಚಿಕ್ಕಪ್ಪ, ಈಗ ಎಲ್ಲಿಗೆ ಹೋಯ್ತೀಯ?”

“ಮನೆಗೆ ಕಣಮ್ಮ.”

“ಒಳೀಕೆ ಬುಡ್ತಾರಾ?”

ಅಲ್ಲಿ, ಆ ಬಿಸಿಲಿನಲ್ಲಿ, ನಿಮ್ಮ ಮೇಲಿನ ನನ್ನ ಅನುಮಾನ ಬಿದ್ದುಹೋಯಿತು. ಯಾರೂ ಹೇಳಿಕೊಟ್ಟು ಬರುವ ಮಾತಲ್ಲ ಅದು.

ಮನೆಯಲ್ಲಿ ಅಣ್ಣ ಊಟಕ್ಕೆ ಕೂತಿದ್ದ. ಭ್ರಮರಿ ಒಳಗೆ ಓಡಿ, ಉಸಿರು ಬಿಡದೆ, “ಅಜ್ಜಿ, ಚಿಕ್ಕಪ್ಪ ಸ್ಕೂಲಲ್ಲಿ ಎರಡು ತಪ್ಪು ಮಾಡ್ಬುಟ್ಟ!” ಎಂದಳು.

ನಮ್ಮವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ. “ಅವ್ನು ಹುಟ್ಟಿದಾಗ್ಲಿಂದ ಮಾಡ್ತಾನೆ ಅವ್ನೆ ಕಣಮ್ಮ. ಎರಡೇ ಅಂದ್ರೆ ಇವತ್ತು ಒಳ್ಳೆ ದಿನ. ಲೇ ಕೊಟ್ಟೂರ, ಕಾಲು ತೊಳ್ಕಂಡು ಬಾರ್ಲಾ, ಮುದ್ದೆ ಆರ್ತದೆ.”

ನಾನು ಕೂತೆ. ಅವ್ವ ಮುದ್ದೆ ಇಟ್ಟಳು, ಸಾರು ಬಿಟ್ಟಳು, ತುಪ್ಪವನ್ನೂ ಹಾಕಿದಳು. ಭ್ರಮರಿ ಕಂಬಕ್ಕೆ ಒರಗಿ ನಿಂತು, ನಾನು ಕೊನೆಯ ತುತ್ತು ನುಂಗುವವರೆಗೂ ನೋಡಿದಳು. ಯಾರಾದರೂ ಬಂದು ನನ್ನನ್ನು ಎಬ್ಬಿಸುತ್ತಾರೋ ಎಂದು ಕಾಯುತ್ತಿದ್ದಳು. ಯಾರೂ ಎಬ್ಬಿಸಲಿಲ್ಲ.

ಆಮೇಲೆ ಅವಳು ಕೇಳಿದಳು, ಅಜ್ಜಿಯನ್ನಲ್ಲ, ನನ್ನನ್ನೂ ಅಲ್ಲ, ಅಣ್ಣನ ಮುಖ ನೋಡಿಕೊಂಡು:

“ಚಿಕ್ಕಪ್ಪನ್ನ ಒಳೀಕೆ ಬುಟ್ಟವ್ರೆ. ಮತ್ತೆ ಅವ್ವನ್ನ ಯಾಕೆ ಕಳಿಸಿದ್ರಿ?”

ಅಣ್ಣನ ಕೈ ಎಲೆಯ ಮೇಲೆಯೇ ನಿಂತಿತು. ನಮ್ಮವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

ಇವತ್ತು ಬೆಳಿಗ್ಗೆ ಸ್ಕೂಲಿನಲ್ಲಿ ಸ್ಲೇಟಿನ ಮೂಲೆಯಲ್ಲಿ ಒಂದು ಲೆಕ್ಕ ಬರೆದಳಂತೆ. ಸಣ್ಣಗೆ, ಇರುವೆಯಷ್ಟು.

ಎರಡು ತಪ್ಪಿನ,
ಕೊಟ್ಟೂರಪ್ಪ


ಕಲ್ಯಾಣದುರ್ಗ
26 ಮಾರ್ಚ್ 1951

ಕೊಟ್ಟೂರಪ್ಪನಿಗೆ,

ಓದಿದೆ. ನಮ್ಮಪ್ಪನಿಗೂ ಓದಿ ಹೇಳಿದೆ. ಮಣದ ಲೆಕ್ಕಕ್ಕೆ ಅವರು ನಕ್ಕರು. ಆಮೇಲೆ ಎದ್ದು ಹಿತ್ತಲಿಗೆ ಹೋದರು.

ನನಗೇನು ಲಾಭ ಎಂದು ಕೇಳಿದ್ದೀಯ. ಫೇಲಾಗಿ ಇಲ್ಲಿಗೆ ಬಂದರೆ, ತಪ್ಪು ಮಾಡಿದ್ದಕ್ಕೆ ನನ್ನನ್ನು ಕಳಿಸಿದರು ಎಂದೇ ಆ ಮಗು ತಿಳಿಯುತ್ತದೆ. ಅವಳಿಗೆ ಈ ಮನೆ ತಾಯಿಯ ಮನೆಯಾಗುವುದಿಲ್ಲ, ತಪ್ಪು ಮಾಡಿದವರನ್ನು ಹಾಕುವ ಕೊಟ್ಟಿಗೆಯಾಗುತ್ತದೆ. ಹಾಗೆ ಅವಳನ್ನು ಪಡೆದು ನಾನೇನು ಮಾಡಲಿ? ಇದನ್ನು ಯೋಚಿಸಲು ನನಗೆ ಒಂದು ತಿಂಗಳು ಬೇಕಾಯಿತು. ಆ ತಿಂಗಳ ಬಗ್ಗೆ ನೀನು ಏನು ಬೇಕಾದರೂ ಅನುಮಾನಪಡು, ಅದು ಸರಿಯಾಗಿಯೇ ಇರುತ್ತದೆ.

ಮಗುವಿನ ಮಾತಿಗೆ ನಿಮ್ಮಣ್ಣನವರು ಏನು ಉತ್ತರ ಕೊಟ್ಟರೆಂದು ನೀನು ಬರೆದಿಲ್ಲ. ಕೇಳುವ ಹಕ್ಕು ನನಗಿಲ್ಲ.

ಪರೀಕ್ಷೆಯ ದಿನ ಅವಳಿಗೆ ಹೊಟ್ಟೆತುಂಬ ಉಣ್ಣಿಸಿ ಕಳಿಸಲು ಅತ್ತೆಯವರಿಗೆ ಹೇಳು.

ಸುವರ್ಣಮ್ಮ


ಹಿಂದೂಪುರ
27 ಏಪ್ರಿಲ್ 1951

ಅತ್ತಿಗೆಯವರಿಗೆ,

ಭ್ರಮರಿ ಪಾಸು. ಮೊದಲಿಗಳಲ್ಲ, ನಡುವೆ ಎಲ್ಲೋ ಇದ್ದಾಳೆ. ಮೊದಲು ಬಂದದ್ದು ಪೋಲಮ್ಮ. ಅದರ ಅರ್ಧ ವಿದ್ಯೆ ನಮ್ಮ ಮನೆಯದೆಂದು ನಾನು ಪೇಟೆಯಲ್ಲೆಲ್ಲ ಹೇಳಿದ್ದೇನೆ.

ನಡುವೆ ಒಂದು ದಿನದ ವಿಷಯ ಹೇಳಲೇಬೇಕು. ಸ್ಕೂಲು ಬಿಟ್ಟು ಬಹಳ ಹೊತ್ತಾದರೂ ಮಗು ಬರಲಿಲ್ಲ. ನೋಡಿದರೆ ಹೊಸಿಲ ಆಚೆ ಸ್ಲೇಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾಳೆ. ಸ್ಲೇಟಿನ ತುಂಬ ಲೆಕ್ಕ, ಒಂದರ ಮೇಲೆ ಇಂಟು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಒಳಗಿನಿಂದ ಬಂದ. ಸ್ಲೇಟು ನೋಡಿದ. ಅವಳನ್ನು ಎತ್ತಿಕೊಂಡು ಒಳಗೆ ಹೋದ. ಎತ್ತಿಕೊಳ್ಳುವ ವಯಸ್ಸಲ್ಲ ಅವಳದು, ಕಾಲು ಜೋತಾಡುತ್ತಿತ್ತು. ಆ ದಿನ ಎಲೆಯ ಮುಂದೆ ಅವಳು ಕೇಳಿದ ಮಾತಿಗೆ ಮಾತ್ರ ಅವನು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಲೇಪಾಕ್ಷಿಯವರು ಮತ್ತೆ ಬಂದಾಗ, ಮಂಡಿಯಲ್ಲಿ ಕೆಲಸವಿದೆ ಎಂದು ಎದ್ದುಹೋದ. ಮಂಡಿಗೆ ಅವತ್ತು ರಜ.

ಈಗ ನ್ಯಾಯಕ್ಕೆ ಬರೋಣ. ಮಗು ಪಾಸಾದ್ದರಿಂದ ಹಿರಿಯರ ಮಾತಿನಂತೆ ನಮ್ಮದು. ನಿಮಗೆ ಕೇಳಲು ದಾರಿಯಿಲ್ಲ. ಇದನ್ನು ಬರೆಯುವುದಕ್ಕೇ ನಿನ್ನೆ ಕಾಗದ ತೆಗೆದುಕೊಂಡು ಕೂತಿದ್ದೆ, ಬರೆಯಲಾಗದೆ ಎದ್ದೆ.

ಇವತ್ತು ಬೆಳಿಗ್ಗೆ ಅಣ್ಣ ಕರೆದ.

“ಕೊಟ್ಟೂರ, ನಾಳೆ ಬಸ್ಸಿಗೆ ಮಗೀನ ಕರ್ಕಂಡು ಕಲ್ಯಾಣದುರ್ಗಕ್ಕೆ ಹೋಗು. ರಜ ಅಲ್ವಾ?”

“ಹೂಂ, ರಜ. ಯಾವಾಗ ವಾಪಸು ಕರ್ಕಂಡು ಬರ್ಲಿ?”

“ಅಲ್ಲಿ ಸ್ಕೂಲು ಹೆಂಗೈತೆ, ನೋಡ್ಕಂಡು ಬಾ.”

ನಾನು ಕೇಳಿದ್ದಕ್ಕೆ ಇದು ಉತ್ತರವಲ್ಲ. ಮೂಗು ಚುರುಕಾಯಿತು. ಭ್ರಮರಿ ಆಗಲೇ ಅಂಗಳದಲ್ಲಿ, “ಪಾಸಾಗಿದ್ದಕ್ಕೆ ಅವ್ವನ್ತಾವ ಹೋಯ್ತೀನಿ!” ಎಂದು ಬೀದಿಯ ಮಕ್ಕಳಿಗೆಲ್ಲ ಸಾರುತ್ತಿದ್ದಳು. ಒಳಗೆ ಅಣ್ಣ ತಾನೇ ಕೂತು ಅವಳ ಟ್ರಂಕು ತುಂಬುತ್ತಿದ್ದ. ಹತ್ತಿ ಲಂಗಗಳನ್ನು ಇಟ್ಟ. ಸ್ಲೇಟು ಇಟ್ಟ. ಆಮೇಲೆ ಅಟ್ಟ ಹತ್ತಿ ಅವಳ ಚಳಿಗಾಲದ ಕಂಬಳಿ ಇಳಿಸಿಕೊಂಡು ಬಂದು, ಕೊಡವಿ, ಮಡಿಸಿ, ಮೇಲಿಟ್ಟ.

ಏಪ್ರಿಲ್ ತಿಂಗಳು ಅತ್ತಿಗೆ. ಹಿಂದೂಪುರದ ಬೀದಿಯಲ್ಲಿ ಬರಿಗಾಲು ಇಡುವ ಹಾಗಿಲ್ಲ. ಈ ಬಿಸಿಲಲ್ಲಿ ಕಂಬಳಿ ಯಾಕಣ್ಣಾ, ರಜ ಎಷ್ಟು ದಿನದ್ದು ಎಂದು ಕೇಳಲು ಬಾಯಿ ತೆರೆದೆ. ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ.

ನಾನು ಬಾಯಿ ಮುಚ್ಚಿಕೊಂಡು, ಟ್ರಂಕಿನ ಮೇಲೆ ಕೂತು ಒತ್ತಿ, ಚಿಲಕ ಹಾಕಿದೆ.

ನಾಳೆ ಹೊರಡುತ್ತೇವೆ. ಈ ಕಾಗದಕ್ಕಿಂತ ಮೊದಲೇ ನಾವು ಬಂದರೂ ಬಂದೇವು.

ಕೊಟ್ಟೂರಪ್ಪ